ಮಳೆ ಬುಕ್ಕಿನಿಂದ ಕಥೆ ಪುಸ್ತಕಕ್ಕೆ: ತೋಟದ ರೈಟರ್ ಒಬ್ಬನ ಅನುಭವ

ನಮ್ಮ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವವನಿಗೆ ರೈಟರ್ ಅನ್ನುತ್ತಾರೆ. ಬೆಳಗ್ಗೆ ಹಾಜರಿ ಹಾಕುವುದು, ಕೊಯ್ಲಿನ ಹಣ್ಣು ತೂಕ ಹಾಕಿಸುವುದು, ಗೊಬ್ಬರ ಎಷ್ಟು ಮೂಟೆ ಇಳಿಯಿತು ಅಂತ ಬರೆಯುವುದು, ವಾರಕ್ಕೊಮ್ಮೆ ಬಟವಾಡೆ ಮಾಡುವುದು. ನಾನು 1999ರಿಂದ ಮೂಡಿಗೆರೆ ಹತ್ತಿರದ ಒಂದು ತೋಟದಲ್ಲಿ ರೈಟರ್. ಹಾಗಾಗಿ 2024ರಲ್ಲಿ ನನ್ನ ಮೊದಲ ಕಥೆ ಪುಸ್ತಕ ಬಂದಾಗ ನಮ್ಮ ಮೇಸ್ತ್ರಿ ಕೇಳಿದ್ದು ನ್ಯಾಯವಾಗಿಯೇ ಇತ್ತು. "ನೀವು ಮೊದಲಿಂದ್ಲೂ ರೈಟ್ರೇ ಅಲ್ವಾ, ಈಗ ಹೊಸದೇನು?"

ಪುಸ್ತಕ ಮಾಡಬೇಕು ಅಂದುಕೊಂಡಿರುವ ಒಂದಿಬ್ಬರು ಹುಡುಗರು ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೋಟದಲ್ಲಿ ಹಾಜರಿ ಪುಸ್ತಕದ ಜೊತೆ ಇನ್ನೊಂದು ಪುಸ್ತಕ ಇರುತ್ತದೆ, ಮಳೆ ಬುಕ್ಕು. ದಿನಾ ಬೆಳಗ್ಗೆ ಮಳೆ ಅಳೆಯುವ ಡಬ್ಬಿ ನೋಡಿ ಎಷ್ಟು ಸೆಂಟು ಅಂತ ಬರೆಯಬೇಕು. ನೂರು ಸೆಂಟಿಗೆ ಒಂದು ಇಂಚು. ಮಳೆ ಬರದ ದಿನವೂ 'ಇಲ್ಲ' ಅಂತ ಬರೆಯಬೇಕು, ಖಾಲಿ ಬಿಡುವಂತಿಲ್ಲ. ಆ ಸಾಲಿನ ಪಕ್ಕ ಒಂದು ಷರಾ ಕಾಲಂ ಇದೆ, ಅಂದರೆ ಚಿಕ್ಕ ಟಿಪ್ಪಣಿ ಬರೆಯುವ ಜಾಗ. ನನಗಿಂತ ಮೊದಲಿದ್ದ ರೈಟರು ಅದರಲ್ಲಿ 'ಮರಗಸಿ ಶುರು' (ನೆರಳಿನ ಮರದ ಕೊಂಬೆ ಕಡಿಸುವುದು), 'ಪಲ್ಪರ್ ರಿಪೇರಿ' (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಅಂತೆಲ್ಲಾ ಬರೆಯುತ್ತಿದ್ದರು. ನಾನೂ ಹಾಗೇ ಶುರು ಮಾಡಿದೆ. ಆಮೇಲೆ ಅದು ಯಾಕೋ ಉದ್ದವಾಗುತ್ತಾ ಹೋಯಿತು. 'ಆನೆ ಬಂದು ಬಾಳೆ ಮುರಿದಿದೆ, ಲೈನಿನವರು ರಾತ್ರಿ ಮಲಗಿಲ್ಲ.' (ಲೈನ್ ಅಂದರೆ ತೋಟದ ಕೆಲಸದವರ ಸಾಲು ಮನೆ.) 'ತರೀಕೆರೆ ಕಡೆಯಿಂದ ಬಂದವರು ಇಂದು ಊರಿಗೆ ಹೊರಟರು, ಒಂದು ನಾಯಿ ಬಿಟ್ಟು ಹೋಗಿದ್ದಾರೆ.' ಇಷ್ಟೇ. ಕಥೆ ಬರೆಯುತ್ತಿದ್ದೇನೆ ಅಂತ ಆಗ ಗೊತ್ತೇ ಇರಲಿಲ್ಲ.

2020ರಲ್ಲಿ ಲಾಕ್‌ಡೌನ್ ಆಯಿತಲ್ಲ, ಆಗ ಸಂಜೆ ಹೊತ್ತು ಬಹಳ ಉದ್ದವಾಯಿತು. ಆಫೀಸಿನ ಅಟ್ಟದಿಂದ ಹಳೇ ಮಳೆ ಬುಕ್ಕುಗಳನ್ನು ಇಳಿಸಿ ಧೂಳು ಹೊಡೆದು ಓದುತ್ತಾ ಕೂತೆ. ಇಪ್ಪತ್ತು ವರ್ಷದ ಷರಾ ಒಟ್ಟಿಗೆ ಓದಿದರೆ ಏನಾಗುತ್ತದೆ ಗೊತ್ತಾ, ಆ ಬಿಟ್ಟುಹೋದ ನಾಯಿ ಎಂಟು ತಿಂಗಳಾದ ಮೇಲೆ ಮತ್ತೊಂದು ಷರಾದಲ್ಲಿ ಬರುತ್ತದೆ, ಮುಂದಿನ ವರ್ಷ ಅದೇ ಜನ ವಾಪಸ್ ಬಂದಾಗ ಅವರನ್ನು ನೋಡಿ ಬೊಗಳಿತು ಅಂತ ಬರೆದಿದ್ದೇನೆ, ನನಗೆ ಮರೆತೇ ಹೋಗಿತ್ತು. ನಾಲ್ಕು ಷರಾಗಳನ್ನು ಸೇರಿಸಿದರೆ ಕಥೆಯ ಬೆನ್ನುಮೂಳೆ ಸಿಕ್ಕಿತು. ಹೀಗೆ ಹದಿನಾಲ್ಕು ಸಿಕ್ಕವು, ಪುಸ್ತಕದಲ್ಲಿ ಹನ್ನೊಂದು ಉಳಿದಿವೆ.

ಮೂಡಿಗೆರೆಯಲ್ಲಿ ಕೂತು ಬರೆಯುವವನಿಗೆ ಒಂದು ವಿಶೇಷ ತೊಂದರೆ ಇದೆ. ಬರೆಯುತ್ತೇನೆ ಅಂದ ಕೂಡಲೇ ಎಲ್ಲರೂ "ಓ, ತೇಜಸ್ವಿ ತರಾನಾ?" ಅನ್ನುತ್ತಾರೆ. ಅವರು ಇಲ್ಲೇ ತೋಟ ಮಾಡಿಕೊಂಡು, ಇಲ್ಲೇ ಬರೆದು, 2007ರಲ್ಲಿ ಇಲ್ಲೇ ತೀರಿಕೊಂಡವರು. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವೂ ಇದೆ. ನನ್ನ ಮೊದಲ ಮೂರು ಕಥೆಗಳಲ್ಲಿ ಕಾಡು, ಒಂದು ವಿಚಿತ್ರ ಪ್ರಾಣಿ, ಅದನ್ನು ಹುಡುಕಿಕೊಂಡು ಹೋಗುವ ನಾಲ್ಕು ಜನ ಇದ್ದರು. ಬೇಲೂರಿನ ಗೆಳೆಯನೊಬ್ಬ ಓದಿ, "ಹಾರುವ ಓತಿ 1980ರಲ್ಲೇ ಹಾರಿ ಹೋಯ್ತು ಮಾರಾಯಾ" ಅಂದ. ತೇಜಸ್ವಿಯವರ 'ಕರ್ವಾಲೋ' ಕಾದಂಬರಿಯ ಓತಿ ಅದು. ಸಿಟ್ಟು ಬಂತು, ಆದರೆ ಅವನು ಹೇಳಿದ್ದು ಸರಿ. ಆ ಮೂರೂ ಕಥೆಗಳನ್ನು ತೆಗೆದು ಹಾಕಿದೆ. ತೇಜಸ್ವಿಯವರು ತೋಟದ ಯಜಮಾನರ ಜಾಗದಿಂದ ನೋಡಿದವರು, ನಾನು ತಕ್ಕಡಿ ಪಕ್ಕ ನಿಂತು ನೋಡಿದವನು. ಕಾಣುವುದು ಬೇರೆ ಬೇರೆ ಆಗಲೇಬೇಕು ಅಲ್ವಾ.

ಅವರಿಂದ ಕಲಿತದ್ದು ಬೇರೆ. ಅವರು 'ಪುಸ್ತಕ ಪ್ರಕಾಶನ' ಅಂತ ತಮ್ಮದೇ ಪ್ರಕಾಶನ ಮಾಡಿಕೊಂಡು ಪುಸ್ತಕ ತಂದರು. ಅಂದರೆ ಬೆಂಗಳೂರಿನ ಬಾಗಿಲು ತೆರೆಯುವ ತನಕ ಕಾಯಬೇಕಾಗಿಲ್ಲ ಅಂತ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪುಸ್ತಕದಲ್ಲಿ ಒಂದು ಕಥೆ ಇದೆ, ಲೈನ್ ಮನೆಯಲ್ಲಿದ್ದ ಒಬ್ಬ ಮುದುಕನ ಸಾವಿನದು. ಮಾರ್ಚ್ ತಿಂಗಳು. ಮಣ್ಣು ಮಾಡುವ ಹೊತ್ತಿಗೆ ಮಳೆ ಬಂತು ಅಂತ ಬರೆದಿದ್ದೆ. ಎಲ್ಲರೂ ನೆನೆಯುತ್ತಾ ನಿಂತಿದ್ದರು, ಯಾರು ಅಳುತ್ತಿದ್ದಾರೆ ಯಾರು ಇಲ್ಲ ಅಂತ ಗೊತ್ತಾಗುತ್ತಿರಲಿಲ್ಲ, ಹೀಗೆಲ್ಲಾ. ಆ ಸಾಲು ಬರೆದ ದಿನ ನನಗೆ ನನ್ನ ಮೇಲೆ ಬಹಳ ಅಭಿಮಾನ ಉಕ್ಕಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಣದ ಹತ್ತಿರ ನಾಲ್ಕೈದು ಜನ ಹೆಂಗಸರು ಕೂತಿದ್ದರು, ಅವರಿಗೆ ಓದಿ ಹೇಳಿದೆ. ಅವರ ಬಗ್ಗೆ ಬರೆದದ್ದನ್ನು ಅವರಿಗೆ ಕೇಳಿಸದೆ ಅಚ್ಚು ಹಾಕಿಸಬಾರದು ಅಂತ ಮನಸ್ಸಿನಲ್ಲಿತ್ತು. ಎಲ್ಲರೂ ಸುಮ್ಮನೆ ಕೇಳಿದರು. ಕೊನೆಗೆ ಒಬ್ಬಾಕೆ ತಟ್ಟೆ ತೊಳೆಯುತ್ತಾ, "ಅವತ್ತು ಮಳೆ ಎಲ್ಲಿ ಬಂತು ರೈಟ್ರೇ? ನೆಲ ಕಲ್ಲಾಗಿತ್ತು. ಹಾರೆ ಹಾಕಿ ಹಾಕಿ ನನ್ ತಮ್ಮನ ಕೈಯೆಲ್ಲ ಬೊಬ್ಬೆ ಎದ್ದಿತ್ತು" ಅಂದಳು.

ಕಥೆಯಲ್ಲಿ ಹಾಗೆಲ್ಲಾ ಹಾಕಬಹುದು ಅಂತ ನಾನು ಸಮಜಾಯಿಷಿ ಕೊಡಲು ಹೋದೆ. ಅವಳು ವಾದ ಮಾಡಲಿಲ್ಲ, ಎದ್ದು ಹೋದಳು. ಸಂಜೆ ಆಫೀಸಿಗೆ ಬಂದು ಮಳೆ ಬುಕ್ಕು ತೆಗೆದೆ. ಆ ದಿನದ ಸಾಲಿನಲ್ಲಿ ನನ್ನದೇ ಕೈಬರಹ: 'ಇಲ್ಲ'. ಅದರ ಹಿಂದಿನ ಹತ್ತೊಂಬತ್ತು ದಿನವೂ 'ಇಲ್ಲ'. ಆ ವರ್ಷ ಹೂಮಳೆ ಬಾರದೆ ಇಡೀ ತೋಟ ಬಾಯಿ ಬಿಟ್ಟುಕೊಂಡು ಕೂತಿತ್ತು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಹೂ ಅರಳಬೇಕು, ಇಲ್ಲದಿದ್ದರೆ ಮುಂದಿನ ಫಸಲೇ ಇಲ್ಲ. ತೋಟದ ಯಜಮಾನರಾದ ಸಾಹುಕಾರರು ದಿನಕ್ಕೆ ಎರಡು ಸಲ ಆಕಾಶ ನೋಡುತ್ತಿದ್ದರು. ಅಂಥ ದಿನದಲ್ಲಿ ನಾನು ಸುಮ್ನೆ ಚೆಂದಕ್ಕೆ ಅಂತ ಒಂದಿಂಚು ಮಳೆ ಸುರಿಸಿಬಿಟ್ಟಿದ್ದೆ.

ಮಳೆ ತೆಗೆದೆ. ಹಾರೆ ಹಾಕಿದೆ. ಇಡೀ ಕಥೆ ಬದಲಾಯಿತು, ಈಗ ಅದರಲ್ಲಿ ಯಾರೂ ಅಳುವುದಿಲ್ಲ, ಗುಂಡಿ ತೋಡುವುದೇ ಅರ್ಧ ಕಥೆ. ಓದಿದವರೆಲ್ಲಾ ಆ ಕಥೆಯನ್ನೇ ಹೇಳುತ್ತಾರೆ. ಅದಾದ ಮೇಲೆ ಉಳಿದ ಹತ್ತು ಕಥೆಗಳನ್ನೂ ಮಳೆ ಬುಕ್ಕಿನ ಜೊತೆ ತಾಳೆ ನೋಡಿದೆ. ಐದು ಕಡೆ ಸುಳ್ಳು ಮಳೆ, ಎರಡು ಕಡೆ ಬಾರದ ಬೆಳದಿಂಗಳು. ಹೆಸರುಗಳನ್ನು ಮಾತ್ರ ಬದಲಾಯಿಸಿದ್ದೇನೆ, ಅದು ಬೇರೆ ವಿಷಯ.

ಪತ್ರಿಕೆಗಳಿಗೆ ಒಂಬತ್ತು ಕಥೆ ಕಳಿಸಿದ್ದೆ, ಎರಡು ಅಚ್ಚಾದವು. ಒಂದು ಹಸ್ತಪ್ರತಿ ಸ್ಪರ್ಧೆಗೂ ಕಳಿಸಿದ್ದೆ, ಬಹುಮಾನ ಬರಲಿಲ್ಲ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಆಗುವುದೇ.

ಅಚ್ಚಿನ ಕೆಲಸ ಹೇಳುತ್ತೇನೆ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಇಡೀ ಪುಸ್ತಕವನ್ನು ಮೊಬೈಲಿನಲ್ಲೇ ಟೈಪ್ ಮಾಡಿದ್ದು. ಅದು ಯೂನಿಕೋಡ್, ಅಂದರೆ ಎಲ್ಲಾ ಫೋನಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ. ಹಾಸನದಲ್ಲಿ ನಾನು ಹೋದ ಡಿಟಿಪಿ ಅಂಗಡಿಯಲ್ಲಿ ಪುಟ ಕಟ್ಟುವುದು ನುಡಿ ಅನ್ನುವ ಬೇರೆ ತಂತ್ರಾಂಶದ ಅಕ್ಷರದಲ್ಲಿ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಕೆಲವು ಅಕ್ಷರ ಕೆಡುತ್ತವೆ. ನನ್ನ ಪುಸ್ತಕದಲ್ಲಿ ಕೆಟ್ಟಿದ್ದು ಯಾವುದು ಗೊತ್ತಾ, 'ಎಸ್ಟೇಟ್‌ನಲ್ಲಿ' ಅನ್ನುವ ಪದ. ಟಕಾರದ ಅಡಿಗೆ ನಕಾರದ ಒತ್ತು ಹೋಗಿ ಅಂಟಿಕೊಂಡಿತು. ಎಸ್ಟೇಟಿನ ಕಥೆಗಳ ಪುಸ್ತಕ, ಎಲ್ಲಾ ಪುಟದಲ್ಲೂ ಅದೇ ಪದ! ಡಿಟಿಪಿ ಹುಡುಗಿ ಒಂದೊಂದೇ ಸರಿ ಮಾಡಬೇಕು ಸಾರ್ ಅಂದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ಯೋಚನೆ ಮಾಡಿದೆ, ಅಲ್ಲ, ನಾವು ಬಾಯಲ್ಲಿ ಎಸ್ಟೇಟ್ ಅನ್ನುತ್ತೇವಾ? ತೋಟ ಅನ್ನುತ್ತೇವೆ. ವಾಪಸ್ ಹೋಗಿ ಎಲ್ಲಾ ಕಡೆ 'ತೋಟದಲ್ಲಿ' ಮಾಡಿಸಿದೆ. ಮುನ್ನುಡಿ ಬರೆದವರು ಭಾಷೆ ಬಹಳ ಸಹಜವಾಗಿದೆ ಅಂತ ಹೊಗಳಿದ್ದಾರೆ. ಅದರಲ್ಲಿ ಅರ್ಧ ಪಾಲು ಆ ಕೆಟ್ಟ ಒತ್ತಕ್ಷರದ್ದು.

ಆಮೇಲೆ ಫಾರಂ ಲೆಕ್ಕ. ಡೆಮಿ ಸೈಜಿನ ಪುಸ್ತಕಕ್ಕೆ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು. ನನ್ನದು ಪುಟ ಕಟ್ಟಿದಾಗ 131 ಬಂತು. ಎಂಟು ಫಾರಂ ಅಂದರೆ 128. ಮೂರು ಪುಟ ಜಾಸ್ತಿ. ಆ ಮೂರು ಪುಟಕ್ಕೆ ಅಂತ ಕಾಗದ, ಅಚ್ಚು, ಬೈಂಡಿಂಗ್ ಎಲ್ಲಾ ಮೇಲಕ್ಕೆ ಹೋಗುತ್ತದೆ, ಉಳಿದ ಪುಟ ಖಾಲಿ. ಕಥೆ ಕಡಿಯಲು ಮನಸ್ಸು ಬರಲಿಲ್ಲ. ನೋಡಿದರೆ 'ಲೇಖಕನ ಮಾತು' ಅಂತ ನಾನೇ ಐದು ಪುಟ ಬರೆದುಕೊಂಡಿದ್ದೆ, ನಮ್ಮ ಅಜ್ಜನಿಂದ ಶುರು ಮಾಡಿ. ಎರಡು ಪುಟಕ್ಕೆ ಇಳಿಸಿದೆ. ಕಾಫಿ ಗಿಡಕ್ಕೆ ಕಪಾತು ಮಾಡಿಸುವವನಿಗೆ, ಅಂದರೆ ಬೇಡದ ರೆಂಬೆ ಕಡಿಸುವವನಿಗೆ, ಇದು ಕಷ್ಟ ಆಗಬಾರದಿತ್ತು, ಆದರೂ ಎರಡು ರಾತ್ರಿ ಬೇಕಾಯಿತು.

500 ಪ್ರತಿಗೆ ಎಲ್ಲಾ ಸೇರಿ 44,000 ರೂಪಾಯಿ ಆಯಿತು. ಹೆಂಡತಿ ಚೀಟಿ ಎತ್ತಿ ಕೊಟ್ಟಳು. "ವಾಪಸ್ ಬರುತ್ತಾ ರೀ?" ಅಂತ ಒಂದೇ ಸಲ ಕೇಳಿದ್ದು. ಬರುತ್ತದೆ ಅಂದೆ, ಗಟ್ಟಿಯಾಗಿ ಹೇಳಲಿಲ್ಲ.

ಐಎಸ್‌ಬಿಎನ್ ಬಗ್ಗೆ ಒಂದು ಮಾತು, ಅದು ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ. ಒಬ್ಬ ಮಧ್ಯವರ್ತಿ ಅದಕ್ಕೆ 2,000 ರೂಪಾಯಿ ಆಗುತ್ತದೆ, ದೆಹಲಿಯಲ್ಲಿ ಜನ ಇದ್ದಾರೆ ಅಂದ. ನಾನು ಕೊಡುವವನೇ ಇದ್ದೆ. ಆ ಬೇಲೂರಿನ ಗೆಳೆಯ ಮತ್ತೆ ಉಳಿಸಿದ. ಆ ಹದಿಮೂರು ಅಂಕಿ ಕೊಡುವುದು ದೆಹಲಿಯ ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ, ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ ಬರುತ್ತದೆ, ಪುಕ್ಕಟೆ. ಲೇಖಕನೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಕಾಯಬೇಕು, ಅಷ್ಟೇ. ಹಾಗೇ ಪುಸ್ತಕ ಬಂದ ಮೇಲೆ 1954ರ ಒಂದು ಕಾಯಿದೆ ಪ್ರಕಾರ ಪ್ರಕಟಿಸಿದವರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ 30 ದಿನದೊಳಗೆ ಕಳಿಸಬೇಕು. ಬಹಳ ಜನ ಕಳಿಸುವುದಿಲ್ಲ. ನಾನು ಕಳಿಸಿದೆ. ನಮ್ಮ ಲೈನಿನ ನಾಯಿಯ ಕಥೆ ಕೋಲ್ಕತ್ತದಲ್ಲಿ ಒಂದು ಕಪಾಟಿನಲ್ಲಿ ಕೂತಿದೆ ಅಂತ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ಬಿಡುಗಡೆ ಸಮಾರಂಭ ಮಾಡಲಿಲ್ಲ. ಹಾರ, ಶಾಲು, ಮೈಕು, ಊಟ ಸೇರಿದರೆ ಇನ್ನೊಂದು ನೂರು ಪ್ರತಿ ಅಚ್ಚಾಗುತ್ತದೆ. ಬಟವಾಡೆ ದಿನ ಆ ಮಧ್ಯಾಹ್ನ ಕಥೆ ಕೇಳಿದ ಹೆಂಗಸರಿಗೆ ಒಂದೊಂದು ಪ್ರತಿ ಕೊಟ್ಟೆ. ಸಾಹುಕಾರರು ದುಡ್ಡು ಕೊಟ್ಟು 20 ಪ್ರತಿ ತೆಗೆದುಕೊಂಡರು, ಪುಟ ತಿರುವಿ "ನಮ್ಮ ತೋಟದ ಹೆಸರೇ ಇಲ್ವಲ್ಲೋ" ಅಂದರು. ಅಂಗಡಿಯವರು ಕೇಳುವ ಕಮಿಷನ್ ನೋಡಿ ಎದೆ ಒಡೆಯಿತು, ಆದರೂ ಕೊಟ್ಟೆ. 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಪರಿಚಯದವರ ಮಳಿಗೆಯಲ್ಲಿ ಒಂದು ಮೂಲೆ ಸಿಕ್ಕಿತು. ನಮ್ಮ ಜಿಲ್ಲೆಯವರೇ ಆದ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರು. ಮೂರು ದಿನಕ್ಕೆ 37 ಪ್ರತಿ ಹೋದವು. ಅದರ ಎರಡರಷ್ಟು ಜನ ಪುಸ್ತಕ ಎತ್ತಿ, ಬೆನ್ನುಡಿ ಓದಿ, ಬೆಲೆ ನೋಡಿ, ವಾಪಸ್ ಇಟ್ಟು ಹೋದರು. ಇಡುವಾಗ ಕೆಲವರು ನನ್ನ ಮುಖ ನೋಡುತ್ತಿರಲಿಲ್ಲ, ಪಾಪ.

2025ರ ಮೇನಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಕನ್ನಡಕ್ಕೆ ಅದೇ ಮೊದಲು. ಮಾರನೇ ದಿನ ನಾನು ಬೇಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿದ್ದೆ, ಪಕ್ಕದವರು ಫೋನಿನಲ್ಲಿ ಅದನ್ನೇ ನೋಡುತ್ತಿದ್ದರು. ಪ್ರಶಸ್ತಿಯ ದುಡ್ಡನ್ನು ಅನುವಾದ ಮಾಡಿದ ದೀಪಾ ಭಾಸ್ತಿ ಅವರ ಜೊತೆ ಸಮವಾಗಿ ಹಂಚುತ್ತಾರಂತೆ ಅಂತ ಅವರಿಗೆ ಆಶ್ಚರ್ಯ. ನನಗೆ ಹಿಡಿಸಿದ್ದು ಬೇರೆ. ಪ್ರಶಸ್ತಿ ಬಂದ 'ಹಾರ್ಟ್ ಲ್ಯಾಂಪ್' ಪುಸ್ತಕದ 12 ಕಥೆಗಳು 1990ರಿಂದ 2023ರ ತನಕ ಬರೆದವು. ಮೂವತ್ತು ಚಿಲ್ಲರೆ ವರ್ಷ, ಜೊತೆಗೆ ವಕೀಲಿ ಕೆಲಸ. ಹಾಸನದವರೇ ಆದ ಭೈರಪ್ಪನವರೂ ಮೇಷ್ಟ್ರ ಕೆಲಸ ಮಾಡುತ್ತಲೇ ಬರೆದವರು. ಅದನ್ನೆಲ್ಲಾ ನೆನೆಸಿಕೊಂಡ ಮೇಲೆ, ಕೆಲಸ ಬಿಟ್ಟು ಬರೆಯಲಾ ಸಾರ್ ಅಂತ ಕೇಳುವ ಹುಡುಗರಿಗೆ ನಾನು ಬೇಡ ಅಂತಲೇ ಹೇಳುತ್ತಿದ್ದೇನೆ. ನನ್ನ ಕೆಲಸ ಬಿಟ್ಟಿದ್ದರೆ ಮಳೆ ಬುಕ್ಕು ನನ್ನ ಕೈಯಲ್ಲಿ ಇರುತ್ತಿರಲಿಲ್ಲ.

ದುಡ್ಡು ಪೂರ್ತಿ ವಾಪಸ್ ಬಂದಿಲ್ಲ, ಚೀಟಿಯ ಮುಕ್ಕಾಲು ಪಾಲು ಬಂದಿದೆ. ಈಚೆಗೆ ಅಂಚೆಯವರು ಪುಸ್ತಕಕ್ಕೆ ಅಂತಲೇ ಜ್ಞಾನ್ ಪೋಸ್ಟ್ ಶುರು ಮಾಡಿದ ಮೇಲೆ 300 ಗ್ರಾಂ ತನಕ ತೆರಿಗೆ ಬಿಟ್ಟು 20 ರೂಪಾಯಿಯಲ್ಲಿ ಹೋಗುತ್ತದೆ, ಹಾಗಾಗಿ ದೂರದವರಿಗೂ ಕಳಿಸುತ್ತಿದ್ದೇನೆ.

ಹೋದ ತಿಂಗಳು ಒಂದು ಫೋನ್ ಬಂತು. ಗುಡ್ಡದ ಆಚೆ ಬದಿಯ ತೋಟದ ರೈಟರು, ರಿಟೈರ್ ಆದವರು. ನಮಸ್ಕಾರವೂ ಇಲ್ಲ, ನೇರವಾಗಿ, "ಆ ಸಾವಿನ ಕಥೆಯಲ್ಲಿ ಮಳೆ ಇಲ್ಲ ಅಂತ ಬರೆದಿದ್ದೀರಿ. ಅವತ್ತು ನಮ್ಮಲ್ಲಿ 80 ಸೆಂಟು ಬಿದ್ದಿದೆ" ಅಂದರು. ನಮ್ಮ ತೋಟಕ್ಕೆ ಬಂದಿರಲಿಲ್ಲ ಸಾರ್ ಅಂದೆ. "ನನ್ನ ಹತ್ರ ಬುಕ್ಕಿದೆ" ಅಂದರು. ನನ್ನ ಹತ್ರಾನೂ ಇದೆ ಅಂದೆ. ಅರ್ಧ ಗಂಟೆ ವಾದ ಆಯಿತು, ಇಬ್ಬರೂ ಬಿಟ್ಟುಕೊಡಲಿಲ್ಲ. ಭಾನುವಾರ ಅವರು ತಮ್ಮ ಬುಕ್ಕು ತರುತ್ತಾರಂತೆ, ನಾನು ನನ್ನದು ತೆಗೆದಿಟ್ಟಿದ್ದೇನೆ. ಫೋನ್ ಇಡುವಾಗ ಇನ್ನೆರಡು ಪ್ರತಿ ಎತ್ತಿಡಲು ಹೇಳಿದರು.