ಹಳೇ ಮನೆಗಳ ಊರಿಗೆ ಎಷ್ಟು ಮನೆ ಬೇಕು? ಲೆಕ್ಕ ಹಾಕುವುದು ಹೀಗೆ

ಮೈಸೂರಿನಲ್ಲಿ ಮನೆ ಸಾಲುತ್ತಿಲ್ಲ ಅಂದ ಕೂಡಲೇ ರಿಂಗ್ ರಸ್ತೆಯಾಚೆ ಹೊಸ ಬಡಾವಣೆ ಮಾಡುವ ಮಾತು ಬರುತ್ತದೆ. ಅಗ್ರಹಾರದಲ್ಲೋ ಮಂಡಿ ಮೊಹಲ್ಲಾದಲ್ಲೋ ಈಗಾಗಲೇ ಇರುವ ಮನೆಗಳ ಗತಿ ಏನು ಅಂತ ಕೇಳುವವರು ಕಡಿಮೆ. ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿಕೊಂಡು ಬೆಳೆದ ಊರು ಇದು. ಇಲ್ಲಿ ನಿಜಕ್ಕೂ ಏನು ಬೇಕು ಅಂತ ತಿಳಿಯಬೇಕಾದರೆ ಬೀದಿಗೆ ಇಳಿದು ಎಣಿಸಬೇಕು. ನಿವಾಸಿಗಳ ಸಂಘದವರು, ಕಾಲೇಜು ಹುಡುಗರು ಸೇರಿದರೆ ಒಂದು ವಾರ್ಡಿನ ಮಟ್ಟಿಗೆ ಆಗುವ ಕೆಲಸವೇ.

ಬಾಗಿಲಲ್ಲ, ಒಲೆ ಎಣಿಸಿ

ಮೊದಲು ನಾಲ್ಕೈದು ಬೀದಿ ಆರಿಸಿಕೊಳ್ಳಿ. ಕಂದಾಯದ ಪಟ್ಟಿ ಸಿಕ್ಕರೆ ಒಳ್ಳೆಯದು, ಆದರೆ ಅದೊಂದನ್ನೇ ನಂಬಬೇಡಿ. ವಠಾರಕ್ಕೆ ಖಾತೆ ಒಂದೇ ಇರಬಹುದು, ಒಳಗೆ ಆರು ಸಂಸಾರ ಇರುತ್ತವೆ. ಜನಗಣತಿಯವರು ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಅಂತ ಬರೆದುಕೊಳ್ಳುತ್ತಾರೆ. ನೀವೂ ಹಾಗೇ ಮಾಡಿ. ಅಣ್ಣತಮ್ಮಂದಿರು ಪಾಲಾಗಿ ನಡುಮನೆಗೆ ಗೋಡೆ ಎಬ್ಬಿಸಿದ್ದರೆ ಅದು ಎರಡು ಕುಟುಂಬ.

ತಲೆ ಎತ್ತಿ ನೋಡಿ

ಮನೆಯ ಸ್ಥಿತಿ ನೋಡುವುದಕ್ಕೆ ಜಾಸ್ತಿ ಹೊತ್ತು ಕೊಡಿ. ಮದ್ರಾಸ್ ತಾರಸಿಯಾದರೆ, ಅಂದರೆ ಮರದ ಜಂತಿಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಚಾವಣಿಯಾದರೆ, ಆ ಜಂತಿಗಳು ಗೋಡೆಯೊಳಗೆ ಹೋಗುವ ಜಾಗ ಗಮನಿಸಿ. ಮಳೆನೀರು ಇಳಿದು ಮರ ಕೊಳೆಯಲು ಶುರುವಾಗುವುದು ಹೆಚ್ಚಾಗಿ ಅಲ್ಲೇ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಮರ ತಡೆಯುತ್ತದೆ, ಗೆದ್ದಲು ತಿಂದದ್ದು ಸುಮ್ನೆ ಒಳಗೆ ಬಿಟ್ಟುಕೊಳ್ಳುತ್ತದೆ. ಹೆಂಚಿನ ಮನೆಯಲ್ಲಿ ಒಡೆದ ಹೆಂಚಿಗೆ ಹೆದರಬೇಕಿಲ್ಲ, ಬಾಗಿದ ತೊಲೆಗೆ ಹೆದರಬೇಕು. ಮಣ್ಣಿನ ಗೋಡೆಗೆ, ಗಾರೆ ಗೋಡೆಗೆ ಸಿಮೆಂಟ್ ಬಳಿದಿದ್ದರೆ ತೇವ ಹೊರಗೆ ಬರಲಾಗದೆ ಗೋಡೆ ಒಳಗೊಳಗೇ ಸಡಿಲವಾಗಿರಬಹುದು. ಮೋಲ್ಡ್ (ಕಾಂಕ್ರೀಟ್ ಚಾವಣಿಯ) ಮನೆ ತಾನೇ ಅಂತ ದಾಟಿ ಹೋಗಬೇಡಿ. ಚಾವಣಿಯಲ್ಲಿ ಕಂಬಿಯ ಉದ್ದಕ್ಕೂ ಕಂದು ಗೆರೆ ಮೂಡಿದ್ದರೆ ಒಳಗೆ ತುಕ್ಕು ಹಿಡಿದಿರುವ ಗುರುತು. ಕೋಲಿನಿಂದ ಮೆಲ್ಲಗೆ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಅದರ ಕೆಳಗೆ ನಿಲ್ಲಬೇಡಿ.

ಗಟ್ಟಿ ಮನೆ, ಸಣ್ಣ ರಿಪೇರಿ, ದೊಡ್ಡ ರಿಪೇರಿ, ವಾಸಕ್ಕೆ ಆಗದ್ದು ಅಂತ ನಾಲ್ಕು ಗುಂಪು ಮಾಡಿ. ಕೊನೆಯ ಎರಡನ್ನು ಸಿವಿಲ್ ಎಂಜಿನಿಯರ್ ನೋಡಲೇಬೇಕು.

ವಯಸ್ಸೊಂದನ್ನೇ ನೋಡಬೇಡಿ. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ತಂಡ ನಗರಗಳ ಮನೆ ಕೊರತೆ ಲೆಕ್ಕ ಹಾಕಿದಾಗ 80 ವರ್ಷ ದಾಟಿದ ಮನೆಗಳನ್ನು, ಹೇಗೇ ಇರಲಿ, ಕೊರತೆಗೆ ಸೇರಿಸಿತು. ಮೈಸೂರಿಗೆ ಇದು ಒಗ್ಗುವುದಿಲ್ಲ. ಸೋರದ, ಬಿರುಕು ಬಿಡದ ತೊಟ್ಟಿಮನೆಯನ್ನು ಆ ಪಟ್ಟಿಗೆ ಹಾಕಿದರೆ ಚೆನ್ನಾಗಿರುವ ಮನೆಯನ್ನೂ ನಾವೇ ಕಳೆದುಕೊಳ್ಳುತ್ತೇವೆ.

ಯಾರು ಎಲ್ಲಿ ಮಲಗುತ್ತಾರೆ?

ಅದೇ ತಂಡದ ಇನ್ನೊಂದು ಲೆಕ್ಕ ಮಾತ್ರ ನಮಗೆ ತುಂಬಾ ಉಪಯೋಗ. ಒಟ್ಟು 1.88 ಕೋಟಿ ಮನೆಗಳ ಕೊರತೆಯಲ್ಲಿ ಸುಮಾರು 1.5 ಕೋಟಿ ಬರೀ ಇಕ್ಕಟ್ಟಿನದು, ಅಂದರೆ ಮದುವೆಯಾದ ಜೋಡಿಗೆ ಬೇರೆ ಕೋಣೆ ಇಲ್ಲದ್ದು. ಹಾಗಾಗಿ ಎಷ್ಟು ಕೋಣೆ ಅಂತ ಕೇಳಿ ಬರಬೇಡಿ. 'ಅಮ್ಮಾ, ರಾತ್ರಿ ಯಾರ್ಯಾರು ಎಲ್ಲಿ ಮಲಗ್ತೀರಿ?' ಅಂತ ಕೇಳಿ. ಮಗ ಸೊಸೆಗೆ ಕೋಣೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಮಲಗುವ ಅಜ್ಜಿ ಆಗ ಲೆಕ್ಕಕ್ಕೆ ಸಿಗುತ್ತಾರೆ. ವಯಸ್ಸಾದವರಿದ್ದರೆ ಕಕ್ಕಸು ಹಿತ್ತಲಲ್ಲಿದೆಯಾ, ಮೆಟ್ಟಿಲು ಎಷ್ಟು, ಇದನ್ನೂ ಬರೆದುಕೊಳ್ಳಿ. ಇಂಥ ಮನೆಗೆ ಬೇಕಾದ್ದು ಒಳಗೊಂದು ಬಚ್ಚಲು ಅಷ್ಟೇ, ಹೊಸ ಸೈಟಲ್ಲ.

ಬೀಗ ಬಿದ್ದ ಮನೆಗಳನ್ನೂ ಬಿಡಬೇಡಿ. ಪಾಲಿನ ವ್ಯಾಜ್ಯವೋ, ಮಕ್ಕಳು ದೂರದೂರಿನಲ್ಲಿದ್ದಾರೋ, ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ.

ಕೂಡಿ ಕಳೆಯುವುದು

ಉದಾಹರಣೆಗೆ 100 ಕುಟುಂಬ ಅಂದುಕೊಳ್ಳಿ. ವಾಸಕ್ಕೆ ಆಗದ ಮನೆಯಲ್ಲಿ 8, ಇಕ್ಕಟ್ಟಿನಲ್ಲಿ 15, ಎರಡೂ ಕಷ್ಟ ಇರುವವರು 3. ಆ 3ನ್ನು ಎರಡು ಸಲ ಎಣಿಸಬಾರದು, ಹಾಗಾಗಿ 20. ಅದರಲ್ಲಿ 5 ಕುಟುಂಬ ಇರುವ ಗಟ್ಟಿ ಮನೆಗೇ ಒಂದು ಕೋಣೆ ಸೇರಿಸಿಕೊಳ್ಳಬಹುದು, 4 ಖಾಲಿ ಮನೆ ಬಾಡಿಗೆಗೆ ಸಿಗಬಹುದು ಅಂದರೆ ಹೊಸದಾಗಿ ಬೇಕಾದ್ದು 11. ರಿಪೇರಿ ಮನೆಗಳ ಸಂಖ್ಯೆ ಬೇರೆ ಕಾಲಂನಲ್ಲಿರಲಿ. ಅದಕ್ಕೆ ಬೇಕಾದ ಹಣವೇ ಬೇರೆ, ಕೆಲಸವೇ ಬೇರೆ.

ಬಾಡಿಗೆಗೆ, ಭೋಗ್ಯಕ್ಕೆ ಇರುವವರ ಪಟ್ಟಿ ಪ್ರತ್ಯೇಕ ಮಾಡಿ, ಈಗ ಎಷ್ಟು ಕೊಡುತ್ತಿದ್ದಾರೆ ಅನ್ನುವುದನ್ನೂ ಬರೆಯಿರಿ. ಮಾಲೀಕರು ಹಳೇ ಮನೆ ಕೆಡವಿ ಕಟ್ಟಿಸಿದರೆ ಅದೇ ಬಾಡಿಗೆಗೆ ಈ ಬಾಡಿಗೆದಾರರು ವಾಪಸ್ ಬರುವುದು ಕಷ್ಟ. ಪಾಲಿಕೆಗೆ ಕೊಡುವ ವರದಿಯಲ್ಲಿ ಇದು ಮೊದಲ ಪುಟದಲ್ಲಿರಲಿ. ನಾಲ್ಕನೇ ಗುಂಪಿನ ಮನೆಯವರಿಗೆ ಮಾತ್ರ ವರದಿ ಮುಗಿಯುವ ತನಕ ಕಾಯದೆ, ನೋಡಿದ ದಿನವೇ ಹೇಳಿ. ಮಳೆಗಾಲಕ್ಕೆ ಮುಂಚೆ ಜಂತಿಗೆ ಆಧಾರ ಕೊಡಿಸಬೇಕು, ಆ ಕೋಣೆಯಲ್ಲಿ ಮಲಗುವುದನ್ನು ಅವತ್ತೇ ನಿಲ್ಲಿಸಬೇಕು.