ಅಂಕಪಟ್ಟಿ ಕೇಳದ ವಿದ್ಯಾರ್ಥಿವೇತನ

ನಮ್ಮ ಕಡೆಯ ಪತ್ತಿನ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಪ್ರತಿಭಾ ಪುರಸ್ಕಾರ ಇದ್ದೇ ಇರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಹೆಚ್ಚು ಅಂಕ ತೆಗೆದ ಸದಸ್ಯರ ಮಕ್ಕಳನ್ನು ವೇದಿಕೆಗೆ ಕರೆದು ಲಕೋಟೆ ಕೊಡುತ್ತಾರೆ. ಅಮೆರಿಕದ ಓಹಾಯೋದಲ್ಲಿ ಒಂದು ಸಣ್ಣ ಕ್ರೆಡಿಟ್ ಯೂನಿಯನ್‌ನ ಶಿಕ್ಷಣ ವಿಭಾಗ ನನ್ನ ಪಾಲಿಗೆ ಬಂದಾಗ, ಅಲ್ಲಿನ ವಿದ್ಯಾರ್ಥಿವೇತನವೂ ಇದೇ ಜಾಡಿನಲ್ಲಿತ್ತು. ಚೆನ್ನಾಗಿ ಓದುವ ಹುಡುಗರಿಗೆ ಬಹುಮಾನ ಕೊಡಲು ಶಾಲೆಯಿದೆ, ಕಾಲೇಜಿದೆ. ಹಣಕಾಸಿನ ಸಂಸ್ಥೆ ಗುರುತಿಸಬೇಕಾದದ್ದು ಬೇರೆಯೇ ಎಂದು ನನಗೆ ಆಗಲೂ ಅನ್ನಿಸುತ್ತಿತ್ತು.

ಕ್ರೆಡಿಟ್ ಯೂನಿಯನ್ ಎಂದರೆ ಹೆಚ್ಚುಕಡಿಮೆ ನಮ್ಮ ಪತ್ತಿನ ಸಂಘವೇ. ಠೇವಣಿ ಇಟ್ಟವರೇ ಒಡೆಯರು, ಒಬ್ಬರಿಗೆ ಒಂದೇ ಮತ. ನಂಟೂ ಹಳೆಯದು. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಂಘ ಕಟ್ಟಿದರು. ಅದಾಗಿ ಎರಡು ವರ್ಷಕ್ಕೆ ಬಾಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫೈಲೀನ್ ಭಾರತಕ್ಕೆ ಬಂದವರು ಬಂಗಾಳದ ಹಳ್ಳಿಗಳಲ್ಲಿ ಇಂಥ ಸಂಘಗಳನ್ನು ಕಂಡು ಹೋದರು. 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಕ್ರೆಡಿಟ್ ಯೂನಿಯನ್ ಕಾಯ್ದೆ ತಂದಾಗ ಅದರ ಹಿಂದೆ ಅವರ ಒತ್ತಾಸೆಯೂ ಇತ್ತು. ನಮ್ಮ ಆಡಳಿತ ಮಂಡಳಿಯಲ್ಲಿ ಈ ಕಥೆ ಹೇಳಿದಾಗ ಹಿರಿಯರೊಬ್ಬರು ಕಣಗಿನಹಾಳದ ಹೆಸರನ್ನು ಬರೆಸಿಕೊಂಡರು.

ಈ ಚಳವಳಿಯ ಪ್ರಶಸ್ತಿಗಳಿಗೆ ಅದನ್ನು ಕಟ್ಟಿದವರ ಹೆಸರುಗಳೇ ಇವೆ. ಸಮುದಾಯ ಸೇವೆಗೆ ಡೋರಾ ಮ್ಯಾಕ್ಸ್‌ವೆಲ್ ಪ್ರಶಸ್ತಿ, ಸದಸ್ಯರಿಗೆ ನೇರವಾಗಿ ಒದಗುವ ಕೆಲಸಕ್ಕೆ ಲೂಯಿಸ್ ಹೆರಿಂಗ್ ಪ್ರಶಸ್ತಿ. ಹಣಕಾಸು ಶಿಕ್ಷಣದ ಪ್ರಶಸ್ತಿಗೆ, 1900ರಲ್ಲಿ ಕ್ವಿಬೆಕ್‌ನ ಲೆವಿಯಲ್ಲಿ ಉತ್ತರ ಅಮೆರಿಕದ ಮೊದಲ ಇಂಥ ಸಂಸ್ಥೆ ಕಟ್ಟಿದ ಆಲ್ಫೋನ್ಸ್ ಡೆಜಾರ್ಡೆನ್ ಅವರ ಹೆಸರು. ಅರ್ಜಿ ಮೊದಲು ರಾಜ್ಯದ ಲೀಗ್‌ಗೆ, ಅಂದರೆ ಅಲ್ಲಿನ ಕ್ರೆಡಿಟ್ ಯೂನಿಯನ್‌ಗಳ ಒಕ್ಕೂಟಕ್ಕೆ ಹೋಗುತ್ತದೆ, ಅಲ್ಲಿ ಗೆದ್ದವರು ರಾಷ್ಟ್ರಮಟ್ಟಕ್ಕೆ. ಆಸ್ತಿಯ ಗಾತ್ರಕ್ಕೆ ತಕ್ಕಂತೆ ಗುಂಪು ಮಾಡುವುದರಿಂದ ನಮ್ಮಂಥ ಸಣ್ಣವರು ದೈತ್ಯರ ಎದುರು ನಿಲ್ಲಬೇಕಾಗಿಲ್ಲ.

ಡೆಜಾರ್ಡೆನ್ ಪ್ರಶಸ್ತಿಯ ಯುವ ವಿಭಾಗಕ್ಕೆ ನಾವು ಕಳಿಸಿದ್ದು ಪ್ರೌಢಶಾಲೆಯಲ್ಲಿ ನಡೆಸುವ ‘ಬದುಕಿನ ಸಂತೆ’ಯನ್ನು. ಇದು ನಮ್ಮ ಆವಿಷ್ಕಾರವೇನಲ್ಲ, ದೇಶದ ಎಷ್ಟೋ ಕ್ರೆಡಿಟ್ ಯೂನಿಯನ್‌ಗಳು ಮಾಡುತ್ತವೆ. ಪ್ರತಿ ವಿದ್ಯಾರ್ಥಿಗೂ ಒಂದು ಕಸುಬು, ಅದರ ಸಂಬಳ, ಮನೆಮಂದಿಯ ವಿವರ ಇರುವ ಚೀಟಿ ಸಿಗುತ್ತದೆ. ತೆರಿಗೆ, ವಿಮೆ ಕಳೆದು ಉಳಿದ ಹಣ ಹಿಡಿದು ಮನೆ ಬಾಡಿಗೆ, ಕಾರು, ದಿನಸಿ ಎಂದು ಮೇಜಿನಿಂದ ಮೇಜಿಗೆ ಹೋಗಬೇಕು. ಮಾರಾಟಗಾರರ ವೇಷದಲ್ಲಿ ಕುಳಿತವರು ನಮ್ಮ ಸಿಬ್ಬಂದಿ. ಅವರಿಗೆ ನಾನು ಹೇಳಿಕೊಡುವುದು ಒಂದೇ: ದುಬಾರಿಯದನ್ನೇ ಮಾರಲು ನೋಡಿ.

ಕಾರಿನ ಮೇಜಿನಲ್ಲಿ ಎಲ್ಲರೂ ಧಾರಾಳಿಗಳು. ಗದ್ದಲ ಏಳುವುದು ಶಿಶುಪಾಲನೆಯ ಮೇಜಿನಲ್ಲಿ. ಚೀಟಿಯಲ್ಲಿ ಎರಡು ವರ್ಷದ ಮಗು ಇದ್ದ ಹುಡುಗನೊಬ್ಬ ತಿಂಗಳ ದರ ಕೇಳಿ, “ನಮ್ಮ ಅಜ್ಜಿ ನೋಡಿಕೊಳ್ಳುತ್ತಾರೆ, ಬಿಡಿ” ಎಂದ. ಚೀಟಿಯಲ್ಲಿ ಅಜ್ಜಿ ಇರಲಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಹೊಸ ಪಿಕಪ್ ಟ್ರಕ್ ಮರಳಿಸಿ ಹಳೆಯ ಕಾರು ತೆಗೆದುಕೊಂಡು ಬಂದ. ಹೀಗೆ ಹಿಂದಕ್ಕೆ ನಡೆಯುವವರನ್ನು ಎಣಿಸಲು ನಾವು ಒಬ್ಬರನ್ನು ಬಾಗಿಲ ಬಳಿ ನಿಲ್ಲಿಸುತ್ತೇವೆ. ಅರ್ಜಿಯಲ್ಲಿ ನಾನು ಮೊದಲು ಬರೆದದ್ದು ಆ ಲೆಕ್ಕವನ್ನೇ. ಎಷ್ಟು ಮಕ್ಕಳು ಬಂದರು ಎಂಬುದು ಸಭಾಂಗಣದ ಅಳತೆಯನ್ನಷ್ಟೇ ಹೇಳುತ್ತದೆ. ತೀರ್ಪುಗಾರರಿಗೆ ಬೇಕಾದದ್ದು ಮಕ್ಕಳಲ್ಲಿ ಏನು ಬದಲಾಯಿತು ಎಂಬುದು. ಅದಕ್ಕಾಗಿ ಸಂತೆಗೆ ಮೊದಲು ಮತ್ತು ಕೆಲವು ವಾರ ಬಿಟ್ಟು ಅವೇ ಪ್ರಶ್ನೆಗಳನ್ನು ಕೇಳುತ್ತೇವೆ: ಒಟ್ಟು ಸಂಬಳಕ್ಕೂ ಕೈಗೆ ಬರುವ ಸಂಬಳಕ್ಕೂ ವ್ಯತ್ಯಾಸವೇನು, ಕ್ರೆಡಿಟ್ ಕಾರ್ಡಿನ ಕನಿಷ್ಠ ಕಂತನ್ನಷ್ಟೇ ಕಟ್ಟುತ್ತ ಹೋದರೆ ಏನಾಗುತ್ತದೆ. ಸಂತೆ ಮುಗಿದ ಮರುದಿನವೇ ಕೇಳಿದರೆ ಎಲ್ಲರೂ ಜಾಣರಾಗಿರುತ್ತಾರೆ, ಹಾಗಾಗಿ ಆ ಅಂತರ ಮುಖ್ಯ.

ಇನ್ನೊಂದು ನಿಯಮದಲ್ಲಿ ನಾನು ಹಟಮಾರಿ. ಶಾಲೆಯ ಆವರಣದಲ್ಲಿ ಯಾರಿಗೂ ಖಾತೆ ತೆರೆಸುವುದಿಲ್ಲ. ಓಹಾಯೋದಲ್ಲಿ 2022ರ ಜುಲೈಯಿಂದೀಚೆಗೆ ಒಂಬತ್ತನೆಯ ತರಗತಿಗೆ ಬಂದವರಿಗೆ ಹಣಕಾಸು ಸಾಕ್ಷರತೆಯ ಅರ್ಧ ಕ್ರೆಡಿಟ್, ಅಂದರೆ ಸುಮಾರು ಅರ್ಧ ವರ್ಷದ ಪಾಠ, ಕಡ್ಡಾಯವಾಗಿದೆ, ಆದ್ದರಿಂದ ಶಿಕ್ಷಕರು ನಮ್ಮನ್ನು ಸಂತೋಷದಿಂದಲೇ ಕರೆಯುತ್ತಾರೆ. ಪಾಠದ ಹೆಸರಿನಲ್ಲಿ ವ್ಯಾಪಾರ ನಡೆಯುತ್ತಿದೆ ಎಂದು ಒಮ್ಮೆ ಅನ್ನಿಸಿದರೆ ಮತ್ತೆ ಕರೆಯುವುದಿಲ್ಲ. ಫೋಟೊಗಳ ವಿಷಯವೂ ಅಷ್ಟೆ. ಪೋಷಕರ ಸಹಿ ಇಲ್ಲದ ಒಂದು ಮುಖವೂ ಅರ್ಜಿಯಲ್ಲಿರಕೂಡದು.

ವಿದ್ಯಾರ್ಥಿವೇತನಕ್ಕೆ ಬರುತ್ತೇನೆ. ಅಂಕಪಟ್ಟಿ ಕೇಳುವುದನ್ನು ಬಿಡೋಣ ಎಂದಾಗ ಮಂಡಳಿಯಲ್ಲಿ ಜಗ್ಗಾಟ ನಡೆಯಿತು. ‘ಸಹಕಾರ ತತ್ವದ ಮಹತ್ವ’ದಂಥ ಪ್ರಬಂಧದ ವಿಷಯವನ್ನೂ ಕೈಬಿಟ್ಟೆವು, ಅದಕ್ಕೆ ಬರುತ್ತಿದ್ದ ಉತ್ತರಗಳೆಲ್ಲ ಒಂದೇ ಅಚ್ಚಿನವು. ಈಗಿನ ಪ್ರಶ್ನೆ ಇಷ್ಟೇ: ಕಳೆದ ವರ್ಷ ಹಣದ ವಿಷಯದಲ್ಲಿ ನೀವೇ ತೆಗೆದುಕೊಂಡ ಒಂದು ನಿರ್ಧಾರವನ್ನು ಲೆಕ್ಕ ಸಮೇತ ಬರೆಯಿರಿ. ಕಿರಾಣಿ ಅಂಗಡಿಯಲ್ಲಿ ಸಂಜೆ ಕೆಲಸ ಮಾಡುವ ಹುಡುಗಿಯೊಬ್ಬಳು ತಮ್ಮನ ಕನ್ನಡಕಕ್ಕೆಂದು ವಾರವಾರ ಎತ್ತಿಟ್ಟ ಹಣದ ಪಟ್ಟಿಯನ್ನೇ ಅಂಟಿಸಿದ್ದಳು. ನಡುವೆ ಎರಡು ವಾರ ಖಾಲಿ, ಪಕ್ಕದಲ್ಲಿ “ಕಾರಿನ ಬ್ಯಾಟರಿ” ಎಂಬ ಟಿಪ್ಪಣಿ. ಹೆಸರು ಮುಚ್ಚಿ ಓದಿದ ತೀರ್ಪುಗಾರರಿಗೆ ಅವಳು ಯಾರೆಂದು ತಿಳಿದದ್ದು ಆಯ್ಕೆಯ ನಂತರವೇ. ತೀರ್ಪುಗಾರರು ಹೊರಗಿನವರು, ನಿವೃತ್ತ ಶಿಕ್ಷಕರು. ನಿರ್ದೇಶಕರ, ಸಿಬ್ಬಂದಿಯ ಮಕ್ಕಳು ಅರ್ಜಿ ಹಾಕುವಂತಿಲ್ಲ.

ಹಣ ನೇರವಾಗಿ ಕಾಲೇಜಿಗೆ ಹೋಗುತ್ತದೆ. ಪದವಿಗಾಗಿ ಓದುವವರು ಬೋಧನಾ ಶುಲ್ಕಕ್ಕೆ, ಕಡ್ಡಾಯ ಪುಸ್ತಕಗಳಿಗೆ ಬಳಸಿದ ಮೊತ್ತಕ್ಕೆ ಇಲ್ಲಿ ಆದಾಯ ತೆರಿಗೆ ಇಲ್ಲ, ಊಟ-ವಸತಿಗೆ ಬಳಸಿದರೆ ಇದೆ. ಇದಕ್ಕಿಂತ ಕಿರಿಕಿರಿಯದು ಇನ್ನೊಂದು: ಹೊರಗಿನ ಹಣ ಬಂತೆಂದು ಕೆಲವು ಕಾಲೇಜುಗಳು ತಾವು ಕೊಡುವ ನೆರವನ್ನು ಅಷ್ಟೇ ಕಡಿತ ಮಾಡುತ್ತವೆ. ಆದ್ದರಿಂದ ಚೆಕ್ ಬರೆಯುವ ಮೊದಲು ಕಾಲೇಜಿನ ನೆರವು ಕಚೇರಿಗೆ ಕರೆ ಮಾಡುವಂತೆ ಗೆದ್ದವರಿಗೇ ಹೇಳುತ್ತೇವೆ. ಬೇಕಾದರೆ ಮುಂದಿನ ಸೆಮಿಸ್ಟರ್‌ಗೆ ಕೊಡುತ್ತೇವೆ.

ಡೆಜಾರ್ಡೆನ್ ಅರ್ಜಿಗೆ ರಾಜ್ಯಮಟ್ಟದಲ್ಲಿ ಎರಡನೆಯ ಸ್ಥಾನ ಬಂತು, ರಾಷ್ಟ್ರಮಟ್ಟಕ್ಕೆ ಹೋಗಲಿಲ್ಲ. ಆದರೆ ಅದಕ್ಕಾಗಿ ಕಲೆಹಾಕಿದ ಲೆಕ್ಕವನ್ನೇ ಮಂಡಳಿಯ ಮುಂದಿಟ್ಟು ಎರಡನೆಯ ವಿದ್ಯಾರ್ಥಿವೇತನ ಕೇಳಿದೆ. ಜಗ್ಗಾಟವಿಲ್ಲದೆ ಒಪ್ಪಿದರು. ಅದನ್ನು ಕಾಲೇಜಿಗೆ ಹೋಗದೆ ವೆಲ್ಡಿಂಗ್, ಪ್ಲಂಬಿಂಗ್‌ನಂಥ ಕಸುಬು ಕಲಿಯುವವರಿಗೆ ಮೀಸಲಿಟ್ಟಿದ್ದೇವೆ.