ಒತ್ತಕ್ಷರ ಕಳೆದುಕೊಂಡ ಲ್ಯಾಪ್‌ಟಾಪ್: ಕೀಲಿಮಣೆ, ರ್ಯಾಮ್ ಬದಲಿಸಿದ ನನ್ನ ಅನುಭವ

ನನ್ನ ಬಳಿ ಇರುವುದು ಥಿಂಕ್‌ಪ್ಯಾಡ್ ಎಕ್ಸ್220 ಲ್ಯಾಪ್‌ಟಾಪ್. 2011ರಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿಯನ್ನು ನಾನು ಕೊಂಡದ್ದು ಬಹಳ ತಡವಾಗಿ, ಅದೂ ಸೆಕೆಂಡ್ ಹ್ಯಾಂಡ್. ಸಾಗರದ ಮನೆಯಲ್ಲೇ ಕುಳಿತು ಆಮಂತ್ರಣ ಪತ್ರಿಕೆ, ಸ್ಮರಣ ಸಂಚಿಕೆಗಳ ಪುಟವಿನ್ಯಾಸ ಮಾಡುವ, ಕರಡು ತಿದ್ದುವ ನನ್ನ ಕೆಲಸಕ್ಕೆ ಅದು ಸಾಕಾಗಿತ್ತು. ಹೋದ ಮಳೆಗಾಲದ ಒಂದು ಸಂಜೆ ಅರ್ಧ ಲೋಟ ಬೆಲ್ಲದ ಕಷಾಯ ಅದರ ಕೀಲಿಮಣೆಯ ಮೇಲೆ ಚೆಲ್ಲಿತು. ಕೂಡಲೇ ಚಾರ್ಜರ್ ಕಿತ್ತು, ಬ್ಯಾಟರಿ ಹೊರತೆಗೆದು, ಲ್ಯಾಪ್‌ಟಾಪನ್ನು ಬೋರಲು ಹಾಕಿ ಎರಡು ದಿನ ಒಣಗಿಸಿದೆ. ಮೂರನೆಯ ದಿನ ಎಂದಿನಂತೆ ಶುರುವಾಯಿತು. ಆದರೆ ಒಂದು ವಾರ ಕಳೆಯುವಷ್ಟರಲ್ಲಿ ಎಫ್ ಕೀಲಿ ಸತ್ತಿತು.

ಇಂಗ್ಲಿಷ್ ಬರೆಯುವವರಿಗೆ ಎಫ್ ಇಪ್ಪತ್ತಾರರಲ್ಲಿ ಒಂದು ಅಕ್ಷರ ಮಾತ್ರ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುವ ನನ್ನಂಥವರಿಗೆ ಅದು ಹಲಂತದ ಕೀಲಿ; ಎಲ್ಲ ಒತ್ತಕ್ಷರಗಳೂ, ವ್ಯಂಜನದಲ್ಲಿ ಕೊನೆಯಾಗುವ ಎಲ್ಲ ಪದಗಳೂ ಅದರ ಮೂಲಕವೇ ಹುಟ್ಟಬೇಕು. ಅದಿಲ್ಲದೆ ‘ಕನ್ನಡ’ ಎಂಬುದು ‘ಕನನಡ’ವಾಗುತ್ತದೆ, ‘ಅಮ್ಮ’ ‘ಅಮಮ’ಳಾಗುತ್ತಾಳೆ. ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ನೋಡಿದಾಗ ಅದರಲ್ಲಿ ಎಲ್ಲ ಅಕ್ಷರಗಳೂ ಸರಿಯಾಗಿ ಮೂಡಿದವು. ಹಾಗಾಗಿ ದೋಷ ತಂತ್ರಾಂಶದ್ದಲ್ಲ, ಮದರ್‌ಬೋರ್ಡಿನದೂ ಅಲ್ಲದಿರುವ ಸಾಧ್ಯತೆಯೇ ಹೆಚ್ಚು ಎಂದು ಖಚಿತವಾಯಿತು. ಬಿಡಿಭಾಗಕ್ಕೆ ದುಡ್ಡು ಹಾಕುವ ಮೊದಲು ಈ ಒಂದು ಪರೀಕ್ಷೆಯನ್ನು ಮಾಡಿಕೊಳ್ಳಲೇಬೇಕು.

ಕೀಲಿಯ ಟೋಪಿ ಎಬ್ಬಿಸಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ನೋಡಿದೆ. ಎರಡು ದಿನ ಸರಿಯಾಯಿತು, ಮತ್ತೆ ಹೋಯಿತು. ಜೊತೆಗೆ ಕೀಲಿಯನ್ನು ಹಿಡಿದಿಡುವ ಪುಟ್ಟ ಪ್ಲಾಸ್ಟಿಕ್ ಕೊಕ್ಕೆಯೊಂದು ನನ್ನ ಕೈಯಲ್ಲೇ ಮುರಿಯಿತು. ಲ್ಯಾಪ್‌ಟಾಪಿನ ಕೀಲಿಗಳ ಅಡಿಯಲ್ಲಿ ವಿದ್ಯುತ್ ಹರಿಯುವ ಸಣ್ಣ ಗೆರೆಗಳನ್ನು ಅಚ್ಚು ಮಾಡಿದ ತೆಳುವಾದ ಪ್ಲಾಸ್ಟಿಕ್ ಹಾಳೆಗಳಿರುತ್ತವೆ. ಸಕ್ಕರೆ ಬೆಲ್ಲಗಳ ಅಂಟು ಆ ಹಾಳೆಗಳ ನಡುವೆ ಒಮ್ಮೆ ಸೇರಿದರೆ ತೇವವನ್ನು ಹಿಡಿದಿಟ್ಟು ಗೆರೆಗಳನ್ನು ನಿಧಾನವಾಗಿ ತಿನ್ನುತ್ತದೆ. ಒಂದೇ ಗೆರೆಗೆ ಹಲವು ಕೀಲಿಗಳು ಸೇರಿಕೊಂಡಿರುವುದರಿಂದ, ಇಂದು ಒಂದು ಕೀಲಿ ಹೋದರೆ ಮುಂದಿನ ತಿಂಗಳು ಇನ್ನೆರಡು ಹೋಗಬಹುದು. ಇದು ತಿಳಿದ ಮೇಲೆ ದುರಸ್ತಿಯ ಆಸೆ ಬಿಟ್ಟು ಇಡೀ ಕೀಲಿಮಣೆಯನ್ನೇ ಬದಲಿಸಲು ತೀರ್ಮಾನಿಸಿದೆ.

ಹೇಗೂ ಸ್ಕ್ರೂ ಬಿಚ್ಚುವುದಿದೆ, ಬಹುದಿನಗಳಿಂದ ಮುಂದೂಡುತ್ತ ಬಂದಿದ್ದ ರ್ಯಾಮ್, ಅಂದರೆ ಕೆಲಸದ ಮೆಮೊರಿ, ಹೆಚ್ಚಿಸುವ ಕೆಲಸವನ್ನೂ ಜೊತೆಗೇ ಮುಗಿಸೋಣ ಎನ್ನಿಸಿತು. ಇದ್ದದ್ದು 4 ಜಿಬಿಯ ಒಂದೇ ಪಟ್ಟಿ. ಎರಡನೆಯ ಸ್ಲಾಟ್ ಖಾಲಿಯಿತ್ತು. ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆ ಬಳಸುತ್ತೇನೆ. ಚಿತ್ರಗಳು ತುಂಬಿದ ನೂರು ಪುಟಗಳ ಸಂಚಿಕೆಯನ್ನೂ ಬ್ರೌಸರನ್ನೂ ಒಟ್ಟಿಗೆ ತೆರೆದಾಗ ಸಿಸ್ಟಮ್ ಮಾನಿಟರಿನಲ್ಲಿ ಮೆಮೊರಿ ಪೂರ್ತಿ ತುಂಬಿ, ಉಳಿದದ್ದೆಲ್ಲ ಡಿಸ್ಕಿನ ಸ್ವಾಪ್ ಜಾಗಕ್ಕೆ ಹರಿಯುತ್ತಿದ್ದುದು ಕಾಣುತ್ತಿತ್ತು. ಪ್ರೊಸೆಸರ್ ಮಾತ್ರ ಅರ್ಧಕ್ಕರ್ಧ ಬಿಡುವಾಗಿತ್ತು. ಪರಿಸ್ಥಿತಿ ಇದಕ್ಕೆ ತಿರುಗುಮುರುಗಾಗಿದ್ದರೆ, ಅಂದರೆ ಮೆಮೊರಿ ಖಾಲಿಯಿದ್ದು ಪ್ರೊಸೆಸರ್ ಏದುಸಿರು ಬಿಡುತ್ತಿದ್ದರೆ, ರ್ಯಾಮ್ ಹಾಕಿ ಪ್ರಯೋಜನವಿರಲಿಲ್ಲ. ವಿಂಡೋಸ್ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು: ಅದು 32 ಬಿಟ್ ಆವೃತ್ತಿಯಾಗಿದ್ದರೆ ಎಷ್ಟೇ ರ್ಯಾಮ್ ತುಂಬಿದರೂ 4 ಜಿಬಿಯ ಆಚೆಗೆ ಬಳಕೆಗೆ ಬಾರದು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕೀಲಿಮಣೆಯ ಆಯ್ಕೆ ಸುಲಭವಾಯಿತು, ಏಕೆಂದರೆ ಎಕ್ಸ್220, ಟಿ420, ಟಿ520 ಈ ಮೂರಕ್ಕೂ ಒಂದೇ ಕೀಲಿಮಣೆ ಹೊಂದುತ್ತದೆ. ಹೊಸದಾಗಿ ತಯಾರಾದ ‘ಕಂಪ್ಯಾಟಿಬಲ್’ ಕೀಲಿಮಣೆಯೊಂದನ್ನು ಒತ್ತಿ ನೋಡಿದೆ; ಹಪ್ಪಳದ ಮೇಲೆ ಬೆರಳಿಟ್ಟ ಹಾಗಿತ್ತು. ಅದನ್ನು ಬಿಟ್ಟು, ಹಳೆಯ ಟಿ420 ಒಂದರಿಂದ ಬಿಚ್ಚಿದ ಮೂಲ ಕೀಲಿಮಣೆಯನ್ನೇ ಆರಿಸಿಕೊಂಡೆ. ಕೊಳ್ಳುವ ಮುನ್ನ ಎಂಟರ್ ಕೀಲಿಯ ಆಕಾರ ಗಮನಿಸಿ: ಅದು ಎರಡು ಸಾಲಿನಷ್ಟು ಎತ್ತರವಾಗಿದ್ದರೆ ಬ್ರಿಟನ್ನಿನದೋ ಯೂರೋಪಿನದೋ ವಿನ್ಯಾಸ; ನಮಗೆ ರೂಢಿಯಿರುವುದು ಅಡ್ಡಕ್ಕೆ ಉದ್ದವಾಗಿರುವ ಅಮೆರಿಕದ ವಿನ್ಯಾಸ.

ಎಡವಿದ್ದು ರ್ಯಾಮ್‌ನಲ್ಲಿ. ಈ ಲ್ಯಾಪ್‌ಟಾಪಿಗೆ ಬೇಕಾದದ್ದು 204 ಪಿನ್ನುಗಳ ಡಿಡಿಆರ್3 ಸೋಡಿಮ್, ಅಂದರೆ ಲ್ಯಾಪ್‌ಟಾಪುಗಳಲ್ಲಿ ಬಳಸುವ ಗಿಡ್ಡ ರ್ಯಾಮ್ ಪಟ್ಟಿ. ವೇಗ 1333 ಮೆಗಾಹರ್ಟ್ಸ್, ವೋಲ್ಟೇಜ್ 1.5. ಕಂಪನಿ ಅಧಿಕೃತವಾಗಿ ಹೇಳುವ ಮಿತಿ 8 ಜಿಬಿಯಾದರೂ 16ರವರೆಗೆ ನಡೆಯುತ್ತದೆ ಎಂಬುದು ಬಳಸಿದವರಿಗೆಲ್ಲ ಗೊತ್ತು. ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ಅಂಗಡಿಯವರು 8 ಜಿಬಿಯ ಎರಡು ಪಟ್ಟಿಗಳನ್ನು ಕೈಗಿತ್ತರು. ಒಂದರ ಎರಡೂ ಬದಿಗಳಲ್ಲಿ ಒಟ್ಟು ಹದಿನಾರು ಚಿಪ್ಪುಗಳಿದ್ದವು, ಇನ್ನೊಂದರಲ್ಲಿ ಎಂಟೇ. ವ್ಯತ್ಯಾಸವೇಕೆ ಎಂದು ಕೇಳಿದ್ದಕ್ಕೆ, “ಎಂಟು ಜಿಬಿ ಅಂದ್ರೆ ಎಂಟು ಜಿಬಿ ಸರ್, ಎಲ್ಲಾ ಒಂದೇ” ಎಂಬ ಉತ್ತರ ಬಂತು. ನಾನೂ ನಂಬಿ ತಂದೆ.

ಬಿಚ್ಚುವ ಕೆಲಸಕ್ಕೆ ಬೇಕಾದದ್ದು ಒಂದು ಒಳ್ಳೆಯ ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್, ಅಷ್ಟೆ. ತುದಿ ಸವೆದ ಸ್ಕ್ರೂಡ್ರೈವರಿನಿಂದ ಸ್ಕ್ರೂವಿನ ತಲೆ ಹಾಳಾದರೆ ಮತ್ತೆ ಅದನ್ನು ತೆಗೆಯುವುದು ದೊಡ್ಡ ರಗಳೆ. ಚಾರ್ಜರ್ ತೆಗೆದು, ಬ್ಯಾಟರಿ ಕಳಚಿ, ಒಳಗೆ ಉಳಿದ ವಿದ್ಯುತ್ತು ಹೋಗಲೆಂದು ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದೆ; ಸ್ಥಾಯೀ ವಿದ್ಯುತ್ತಿನ ಮುನ್ನೆಚ್ಚರಿಕೆಗೆ ಕಬ್ಬಿಣದ ಕಿಟಕಿ ಸರಳನ್ನು ಮುಟ್ಟಿಕೊಂಡೆ. ಆಷಾಢದ ಸಾಗರದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಸ್ಥಾಯೀ ವಿದ್ಯುತ್ತು ಎಲ್ಲಿಂದ ಬರಬೇಕು ಎಂದು ಮನೆಯವರು ನಕ್ಕರೂ ಅಭ್ಯಾಸ ಬಿಡಲಿಲ್ಲ. ಮಿಕ್ಕಿದ್ದ ಮದುವೆ ಕಾಗದವೊಂದರ ಹಿಂಬದಿಯಲ್ಲಿ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಒಂದೊಂದು ಸ್ಕ್ರೂವನ್ನೂ ಅದರದೇ ಸ್ಥಾನದಲ್ಲಿ ಚುಚ್ಚಿಟ್ಟೆ. ಸ್ಕ್ರೂಗಳ ಉದ್ದ ಒಂದೇ ಸಮನಾಗಿರುವುದಿಲ್ಲ. ಗಿಡ್ಡ ಸ್ಕ್ರೂವಿನ ಜಾಗಕ್ಕೆ ಉದ್ದದ್ದನ್ನು ತಿರುಪಿದರೆ ಅದು ಮೇಲಿನ ಭಾಗವನ್ನು ಒಳಗಿನಿಂದ ಚುಚ್ಚಬಹುದು.

ತಳದಲ್ಲಿ ಯಾವ ಸ್ಕ್ರೂ ಕೀಲಿಮಣೆಯದು ಎಂದು ಊಹಿಸುವ ಅಗತ್ಯವಿಲ್ಲ, ಪಕ್ಕದಲ್ಲೇ ಕೀಲಿಮಣೆಯ ಪುಟ್ಟ ಚಿತ್ರವಿರುತ್ತದೆ. ಅವುಗಳನ್ನು ತೆಗೆದು, ಯಂತ್ರವನ್ನು ನೇರ ಮಾಡಿ, ಕೀಲಿಮಣೆಯನ್ನು ಎರಡೂ ಅಂಗೈಗಳಿಂದ ಪರದೆಯ ಕಡೆಗೆ ಮೆಲ್ಲನೆ ತಳ್ಳಿದಾಗ ಅದರ ಮುಂದಿನ ಅಂಚು ಅಂಗೈ ಇಡುವ ಪಟ್ಟಿಯ ಅಡಿಯಿಂದ ಹೊರಬರುತ್ತದೆ. ಇಲ್ಲಿ ಅವಸರ ಮಾಡಿ ಪೂರ್ತಿ ಎತ್ತಿಬಿಡಬಾರದು, ಅಡಿಯಲ್ಲಿ ಮದರ್‌ಬೋರ್ಡಿಗೆ ಸೇರಿದ ಕೇಬಲ್ ಇದೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಈ ಕೇಬಲ್ಲಿಗೆ ಉಗುರಿನಿಂದ ಎಬ್ಬಿಸುವ ಸಣ್ಣ ಚಿಲಕವಿರುತ್ತದೆ; ಇದರಲ್ಲಿ ಹಾಗಲ್ಲ, ಕನೆಕ್ಟರನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಕಳಚುತ್ತದೆ, ಹೊಸದನ್ನು ಜಾಗ ನೋಡಿ ಒತ್ತಿದರೆ ಕೂರುತ್ತದೆ. ಕಷಾಯದ ಕಂದು ಕಲೆ ಹಳೆಯ ಕೀಲಿಮಣೆಯ ಬೆನ್ನಿನಲ್ಲಷ್ಟೇ ಇದ್ದು, ಮದರ್‌ಬೋರ್ಡ್ ಶುಭ್ರವಾಗಿದ್ದುದನ್ನು ಕಂಡು ನಿಟ್ಟುಸಿರು ಬಿಟ್ಟೆ. ಹೊಸ ಕೀಲಿಮಣೆಯ ಕೇಬಲ್ ಜೋಡಿಸಿದ ಮೇಲೆ ಸ್ಕ್ರೂ ಹಾಕುವ ಮೊದಲೇ ಬ್ಯಾಟರಿ ಸಿಕ್ಕಿಸಿ, ಪ್ರತಿಯೊಂದು ಕೀಲಿಯನ್ನೂ, ಮೌಸ್‌ನಂತೆ ಬಳಸುವ ಮಧ್ಯದ ಕೆಂಪು ಗುಂಡಿಯನ್ನೂ ಪರೀಕ್ಷಿಸಿದೆ. ಮೊದಲು ಒತ್ತಿದ ಕೀಲಿ ಯಾವುದೆಂದು ಹೇಳಬೇಕಾಗಿಲ್ಲ.

ಮತ್ತೆ ಬ್ಯಾಟರಿ ತೆಗೆದು ರ್ಯಾಮ್‌ಗೆ ಕೈ ಹಾಕಿದೆ. ಅದಕ್ಕೆ ತಳದಲ್ಲಿ ಪ್ರತ್ಯೇಕ ಮುಚ್ಚಳವಿದ್ದು, ಒಂದರ ಮೇಲೊಂದು ಎರಡು ಸ್ಲಾಟುಗಳಿವೆ. ಎರಡು ಬದಿಯ ಲೋಹದ ಕೊಕ್ಕೆಗಳನ್ನು ಹೊರಕ್ಕೆ ಸರಿಸಿದರೆ ಹಳೆಯ ಪಟ್ಟಿ ತಾನೇ ಓರೆಯಾಗಿ ಏಳುತ್ತದೆ. ಹೊಸದನ್ನು ಕಚ್ಚಿನ ಜಾಗ ಹೊಂದಿಸಿ, ಓರೆಯಾಗಿಯೇ ಆಳಕ್ಕೆ ತೂರಿಸಿ, ಆಮೇಲೆ ಕೆಳಕ್ಕೆ ಒತ್ತಬೇಕು. ಬಂಗಾರದ ಬಣ್ಣದ ಹಲ್ಲುಗಳು ಹೆಚ್ಚುಕಡಿಮೆ ಮರೆಯಾಗುವಷ್ಟು ಒಳಹೋಗದಿದ್ದರೆ ಕೂತಿಲ್ಲವೆಂದೇ ಅರ್ಥ. ಎರಡನ್ನೂ ಕೂರಿಸಿ ಪವರ್ ಗುಂಡಿ ಒತ್ತಿದರೆ ಕಪ್ಪು ಪರದೆ, ಪೀಪ್ ಪೀಪ್ ಸದ್ದು. ತೆಗೆದು ಹಾಕಿದೆ, ಅದಲುಬದಲು ಮಾಡಿದೆ, ಹಲ್ಲುಗಳನ್ನು ಒರೆಸಿದೆ. ಕೊನೆಗೆ ಒಂದೊಂದನ್ನೇ ಹಾಕಿ ನೋಡಿದಾಗ ಹದಿನಾರು ಚಿಪ್ಪಿನದು ಎರಡೂ ಸ್ಲಾಟುಗಳಲ್ಲಿ ನಡೆಯಿತು, ಎಂಟು ಚಿಪ್ಪಿನದು ಎರಡರಲ್ಲೂ ನಡೆಯಲಿಲ್ಲ.

ಕಾರಣ ಹುಡುಕಿ ಓದಿದಾಗ ತಿಳಿದದ್ದಿಷ್ಟು. ಎಂಟೇ ಚಿಪ್ಪುಗಳಿಂದ 8 ಜಿಬಿ ಆಗಬೇಕಾದರೆ ಒಂದೊಂದು ಚಿಪ್ಪೂ 8 ಗಿಗಾಬಿಟ್‌ನದಾಗಿರಬೇಕು. ಎಂಟು ಗಿಗಾಬಿಟ್ ಸೇರಿದರೆ ಒಂದು ಜಿಬಿ. ಚಿಪ್ಪುಗಳು ಹದಿನಾರಾದರೆ 4 ಗಿಗಾಬಿಟ್ ಸಾಕು. ಈ ಲ್ಯಾಪ್‌ಟಾಪಿನಲ್ಲಿರುವ ಇಂಟೆಲ್ಲಿನ ಸ್ಯಾಂಡಿ ಬ್ರಿಜ್ ಪೀಳಿಗೆಯ ಪ್ರೊಸೆಸರಿಗೆ 8 ಗಿಗಾಬಿಟ್‌ನ ಡಿಡಿಆರ್3 ಚಿಪ್ಪುಗಳೊಡನೆ ವ್ಯವಹರಿಸಲು ಬರುವುದಿಲ್ಲ. ಪಟ್ಟಿ ಕೆಟ್ಟಿರಲಿಲ್ಲ, ಜೋಡಿ ತಪ್ಪಾಗಿತ್ತು. ಲೇಬಲ್ಲಿನ ಮೇಲೆ ಹದಿನಾರು ಚಿಪ್ಪಿನದಕ್ಕೆ ‘2ಆರ್‌ಎಕ್ಸ್8’ ಎಂದೂ ಎಂಟು ಚಿಪ್ಪಿನದಕ್ಕೆ ‘1ಆರ್‌ಎಕ್ಸ್8’ ಎಂದೂ ಅಚ್ಚಾಗಿತ್ತು. ಓದಲು ಬಂದಿದ್ದರೆ ಅಂಗಡಿಯಲ್ಲೇ ಗೊತ್ತಾಗುತ್ತಿತ್ತು. ಅಂಗಡಿಯವರು ಫೋನಿನಲ್ಲಿ ಸ್ವಲ್ಪ ವಾದಿಸಿದರಾದರೂ, ಕೊರಿಯರ್ ಖರ್ಚು ನನ್ನದೆಂದು ಒಪ್ಪಿದ ಮೇಲೆ ಬದಲಿಸಿ ಕಳುಹಿಸಿದರು.

ಹತ್ತು ದಿನಗಳ ನಂತರ ಎರಡನೆಯ ಪಟ್ಟಿ ಬಂತು. ರಾತ್ರಿಯಿಡೀ ರ್ಯಾಮ್ ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್ ಓಡಿಸಿ, ಬೆಳಗ್ಗೆ ಒಂದೂ ದೋಷವಿಲ್ಲವೆಂದು ಕಂಡ ಮೇಲೆಯೇ ಕೆಲಸದ ಕಡತಗಳನ್ನು ತೆರೆದೆ. ನೂರು ಪುಟದ ಆ ಸಂಚಿಕೆಯ ಜೊತೆ ಬ್ರೌಸರ್ ತೆರೆದಿದ್ದರೂ ಸ್ವಾಪ್ ಈಗ ಸೊನ್ನೆಯಲ್ಲೇ ನಿಲ್ಲುತ್ತದೆ. ಪಿಡಿಎಫ್ ರಫ್ತು ಮಾಡಲು ಹಿಡಿಯುವ ಸಮಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸವಾಗಿಲ್ಲ. ಅದು ಪ್ರೊಸೆಸರಿನ ಕೆಲಸ. ಕೀಲಿಮಣೆಯ ಸ್ಪೇಸ್ ಬಾರ್ ಬಲತುದಿಯಲ್ಲಿ ಸಣ್ಣಗೆ ಕಿರುಗುಡುತ್ತದೆ, ಹಿಂದಿನ ಮಾಲೀಕರ ಹೆಬ್ಬೆರಳಿನ ಪ್ರಭಾವವಿರಬೇಕು. ಕಷಾಯದ ಲೋಟಕ್ಕೆ ಈಗ ಕಿಟಕಿಯ ಕಟ್ಟೆಯ ಮೇಲೆ ಜಾಗ ಮಾಡಿದ್ದೇನೆ.